ಎರಡು ಪಕ್ಕ, ಮೂರು ಮಕ್ಕಳು

ದೇವರು ತಾಯಂದಿರಿಗೆ ಎರಡು ಪಕ್ಕ ಕೊಟ್ಟಿದ್ದಾನೆ. ಬಲಕ್ಕೊಂದು, ಎಡಕ್ಕೊಂದು. ಎರಡು ಮಕ್ಕಳಿದ್ದರೆ ಸರಿಯಾಗಿ ಸಾಕು. ನನಗೆ ಮೂರು.

ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಯಲ್ಲಿ ದಿನಾ ಸೇರುವ ಪಂಚಾಯ್ತಿ ಇದರ ಮೇಲೇ. ಮಂಚದ ಮೇಲೆ ಮಲಗುವುದು ಬಿಟ್ಟು ಎರಡು ವರ್ಷ ಆಯ್ತು. ನೆಲಕ್ಕೆ ಎರಡು ದೊಡ್ಡ ಹಾಸಿಗೆ ಜೋಡಿಸಿ ಹಾಸುತ್ತೇವೆ. ಗೋಡೆ ಕಡೆಗೆ ಒಬ್ಬರು, ಆಮೇಲೆ ನಾನು, ನನ್ನ ಈಚೆಗೆ ಇನ್ನೊಬ್ಬರು, ಆಮೇಲೆ ಅಪ್ಪ, ಅಪ್ಪನಿಂದ ಆಚೆಗೆ ಮೂರನೆಯವರು. ಈ 'ಆಚೆ' ಅನ್ನುವ ಜಾಗ ನಮ್ಮ ಮನೆಯ ಅಂಡಮಾನ್. ಹೋಗು ಅಂದರೆ ಯಾರೂ ಹೋಗುವುದಿಲ್ಲ, ಕಳಿಸಬೇಕು. ಅಪ್ಪ ಪಾಪ ಒಳ್ಳೆಯವರೇ. ಕಥೆ ಹೇಳುತ್ತಾರೆ, ಬೆನ್ನು ಕೆರೆಯುತ್ತಾರೆ. ಆದರೆ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೇ ನಿದ್ದೆ. ಆಮೇಲೆ ಗೊರಕೆ. ರಾಜಕುಮಾರಿ ಕಾಡಿನಲ್ಲೇ ಉಳಿದುಬಿಡುತ್ತಾಳೆ.

ದೊಡ್ಡವಳಿಗೆ ಏಳು ತುಂಬಿದೆ. ನಡುವಿನವನಿಗೆ ಐದಕ್ಕೆ ಎರಡು ತಿಂಗಳು ಬಾಕಿ. ಪುಟ್ಟಿಗೆ ಎರಡೂವರೆ. ಹೆಸರು ಬರೆಯುವುದಿಲ್ಲ, ಬೆಳೆದ ಮೇಲೆ ಓದಿ ನನ್ನನ್ನೇ ಬೈದಾರು.

"ಮೂರಾ?" ಅನ್ನುವ ಪ್ರಶ್ನೆಗೆ ನಾನೀಗ ಒಗ್ಗಿಹೋಗಿದ್ದೇನೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರು ಕೇಳಿದ್ದಾರೆ. ಆಟೋದವರು ಕೇಳಿದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತ ಗುರುತಿಲ್ಲದವರು ಕೇಳಿದ್ದಾರೆ. ಮೊದಲೆರಡು ಹೆಣ್ಣಾಗಿ ಮೂರನೆಯದು ಗಂಡಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅವರವರೇ ಅರ್ಥ ಮಾಡಿಕೊಂಡು ತಲೆ ಆಡಿಸುತ್ತಿದ್ದರು. ನಮ್ಮದು ಹೆಣ್ಣು, ಗಂಡು, ಹೆಣ್ಣು. ಇದು ಜನರಿಗೆ ಲೆಕ್ಕಕ್ಕೆ ಸಿಗುವುದಿಲ್ಲ. "ಆರತಿಗೊಬ್ಬಳು ಕೀರ್ತಿಗೊಬ್ಬ ಆಗಿತ್ತಲ್ಲಮ್ಮ, ಮತ್ತೆ ಇದ್ಯಾಕೆ?" ಅಂತ ಒಬ್ಬರು ಅಜ್ಜಿ ಪುಟ್ಟಿಯ ಕೆನ್ನೆ ಹಿಂಡುತ್ತಲೇ ಕೇಳಿದರು. ಪ್ರಶ್ನೆ ಅವಳ ಬಗ್ಗೆ, ಮುದ್ದೂ ಅವಳಿಗೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ದೇಶದ ಲೆಕ್ಕ 2.0. ಇವರಿಗೆ ಈ ಅಂಕಿ ಸಿಕ್ಕಿದ್ದೇ ಸಿಕ್ಕಿದ್ದು, "ಹಾಗಾದ್ರೆ ನಾವು ಯಾರದೋ ಒಂದು ಪಾಯಿಂಟ್ ಮೂರು ಮಕ್ಕಳನ್ನ ಪುಕ್ಕಟೆ ಸಾಕ್ತಾ ಇದೀವಿ" ಅಂತ ಶುರು ಮಾಡಿದರು. ಯಾರಾದರೂ "ಮೂರಾ?" ಅಂದರೆ ಈಗ ಅದೇ ಉತ್ತರ.

ಆದರೆ ಲೋಕವೇ ನಾಲ್ಕು ಜನಕ್ಕೆ ಅಳತೆ ಮಾಡಿ ಹೊಲಿದಂತಿದೆ ಅನ್ನುವುದು ಮೂರನೆಯದು ಬಂದ ಮೇಲೇ ನನಗೆ ಗೊತ್ತಾಗಿದ್ದು. ಹೋಟೆಲಿನ ಮೇಜಿಗೆ ನಾಲ್ಕು ಕುರ್ಚಿ. ಒಂದು ಪ್ಲೇಟ್ ಇಡ್ಲಿ ಅಂದರೆ ಎರಡು. ಕಾರಿನ ಹಿಂದಿನ ಸೀಟಿಗೆ ಕಿಟಕಿ ಎರಡು. ಸ್ಕೂಟರ್ ಅಂತೂ ಬಿಡಿ, ಅದು ಪುಟ್ಟಿ ಹುಟ್ಟಿದ ದಿನದಿಂದ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದೆ.

ನಮ್ಮ ಮಾವ ನಿವೃತ್ತ ಕನ್ನಡ ಮೇಷ್ಟ್ರು. ಮೂರನೆಯದು ನಿಂತಿದೆ ಅಂತ ಗೊತ್ತಾದಾಗ ನಾನು ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದೆ. ಸಂತೋಷಕ್ಕಲ್ಲ, ಗಾಬರಿಗೆ. ಮಾವ ಬಾಗಿಲ ಹತ್ತಿರ ನಿಂತು ಗಂಟಲು ಸರಿ ಮಾಡಿಕೊಂಡರು. "ನೋಡಮ್ಮ, ಕನ್ನಡದಲ್ಲಿ ವಚನ ಎರಡೇ. ಒಂದಿದ್ರೆ ಏಕವಚನ, ಎರಡಾದ್ರೆ ಬಹುವಚನ. ಸಂಸ್ಕೃತದ ಹಾಗೆ ಎರಡಕ್ಕೆ ಅಂತ ಬೇರೆ ವಚನ ನಮ್ಮಲ್ಲಿಲ್ಲ. ನೀನು ಬಹುವಚನಕ್ಕೆ ಬಂದು ಒಂದೂವರೆ ವರ್ಷ ಆಯ್ತು. ಇನ್ನು ಮೂರೇನು, ಮೂವತ್ತೇನು" ಅಂದರು. ಅಳು ನಿಂತಿತು. ವ್ಯಾಕರಣದ ಮಟ್ಟಿಗೆ ಮಾವ ಹೇಳಿದ್ದು ಸರಿ. ಆದರೆ ಎರಡು ಮಕ್ಕಳಿಗೂ ಮೂರು ಮಕ್ಕಳಿಗೂ ಫರಕಿಲ್ಲ ಅಂತ ಬರೆದವರು ಯಾರೋ, ಬೆಳಗ್ಗೆ ಎಂಟಕ್ಕೆ ನಮ್ಮ ಮನೆಗೆ ಬಂದು ಒಂದು ಸಲ ನೋಡಬೇಕಿತ್ತು.

ಬೆಳಗ್ಗೆ ಎಂಟು ಹತ್ತಕ್ಕೆ ವ್ಯಾನ್ ಬರುತ್ತದೆ. ಏಳೂ ಐವತ್ತಕ್ಕೆ ದೊಡ್ಡವಳ ಒಂದು ಸಾಕ್ಸ್ ಇಲ್ಲ. ಅದು ಪುಟ್ಟಿಯ ಕೈಯಲ್ಲಿ ಗೊಂಬೆಗೆ ಸ್ವೆಟರ್ ಆಗಿದೆ. ಗೊಂಬೆಗೆ ಚಳಿಯಂತೆ. ನಡುವಿನವನು ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತ ಕೂತಿದ್ದಾನೆ. "ಅಮ್ಮ, ಹಲ್ಲಿಗೆ ಹಲ್ಲಿ ಅಂತ ಯಾಕೆ ಹೆಸರು, ಅದಕ್ಕೆ ಹಲ್ಲಿದ್ಯಾ?" ಕಾವಲಿಯ ಮೇಲೆ ದೋಸೆ. ಮೊದಲ ದೋಸೆ ಯಾವತ್ತೂ ಸರಿಯಾಗಿ ಏಳುವುದಿಲ್ಲ, ಅದು ನನ್ನ ಪಾಲು. ಎರಡನೆಯದು ಯಾರಿಗೆ ಅನ್ನುವುದರ ಮೇಲೆ ಜಗಳ. ಮೂರನೆಯದು ದೊಡ್ಡದಾಗಿ ಬಂತು ಅಂತ ಜಗಳ. ನಾಲ್ಕನೆಯದಕ್ಕೆ ತೂತು ಜಾಸ್ತಿ ಇದೆ ಅಂತ ಜಗಳ. ತೂತು ಜಾಸ್ತಿ ಇದ್ದರೆ ಲಾಭವೋ ನಷ್ಟವೋ ಅವರಿಗೂ ಗೊತ್ತಿಲ್ಲ. ಆದರೂ ಎಣಿಸುತ್ತಾರೆ.

ಮೂರು ಮಕ್ಕಳನ್ನು ಸಾಕುವುದರಲ್ಲಿ ಕಷ್ಟ ಯಾವುದು ಅಂತ ಕೇಳಿದರೆ ಜನ ನಿದ್ದೆ, ಖರ್ಚು, ಫೀಸು ಅಂತಾರೆ. ಅದೆಲ್ಲ ಇದ್ದದ್ದೇ. ನನ್ನನ್ನು ಸುಸ್ತು ಮಾಡುವುದು ಪಾಲು. ಬೆಳಗ್ಗೆ ಎದ್ದರೆ ರಾತ್ರಿಯವರೆಗೆ ನಾನು ಹಂಚುತ್ತಲೇ ಇರುತ್ತೇನೆ. ದೋಸೆ, ಕಿಟಕಿ, ಕೆಂಪು ಲೋಟ, ತೊಡೆ. ಲಿಫ್ಟಿನ ಗುಂಡಿ ಒತ್ತುವ ಹಕ್ಕು ಕೂಡ.

ಇಬ್ಬರೇ ಇದ್ದಾಗ ನನ್ನ ಹತ್ತಿರ ಒಂದು ಉಪಾಯ ಇತ್ತು. ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ದೊಡ್ಡವಳು ಮೈಸೂರು ಪಾಕನ್ನು ಅಕ್ಕಸಾಲಿಗರ ಹಾಗೆ ಕಣ್ಣು ಕಿರಿದು ಮಾಡಿ ಅರ್ಧ ಮಾಡುತ್ತಿದ್ದಳು. ಯಾಕೆಂದರೆ ಒಂದು ಚೂರು ಆಚೀಚೆ ಆದರೂ ದೊಡ್ಡ ತುಂಡು ತಮ್ಮನಿಗೆ. ಪುಟ್ಟಿಗೆ ಹಲ್ಲು ಬಂದದ್ದೇ ಈ ಉಪಾಯ ಕೆಟ್ಟಿತು. ಮೂರು ಜನಕ್ಕೆ ಇದು ಹೊಂದುವುದೇ ಇಲ್ಲ.

ನನ್ನ ತಮ್ಮ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾನೆ. ಯುಗಾದಿಗೆ ಬಂದವನು ನನ್ನ ಗೋಳು ಕೇಳಿ ನಕ್ಕ. "ಅಕ್ಕ, ಇದು ನಿನ್ನೊಬ್ಬಳ ಗೋಳಲ್ಲ, ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡ ಲೆಕ್ಕ" ಅಂದ. ಪೋಲೆಂಡಿನ ಹ್ಯೂಗೋ ಸ್ಟೈನ್‌ಹೌಸ್ ಅನ್ನುವ ಗಣಿತಜ್ಞ ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಪ್ರಶ್ನೆ ಹಿಡಿದು ಕೂತಿದ್ದರಂತೆ: ಇಬ್ಬರಿಗಿಂತ ಹೆಚ್ಚು ಜನಕ್ಕೆ ಒಂದು ಕೇಕನ್ನು ನ್ಯಾಯವಾಗಿ ಹಂಚುವುದು ಹೇಗೆ? 1948ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಆದರೆ ನ್ಯಾಯ ಬೇರೆ, ಹೊಟ್ಟೆಕಿಚ್ಚು ಬೇರೆ. ನನಗೆ ಮೂರನೇ ಒಂದು ಪಾಲು ಸಿಕ್ಕಿದ್ದರೂ ಪಕ್ಕದವನ ತುಂಡು ದೊಡ್ಡದಾಗಿ ಕಂಡರೆ? ಯಾರಿಗೂ ಯಾರ ತುಂಡಿನ ಮೇಲೂ ಕಣ್ಣು ಬೀಳದ ಹಾಗೆ ಮೂವರಿಗೆ ಹಂಚುವ ದಾರಿಯನ್ನು 1960ರ ಸುಮಾರಿಗೆ ಜಾನ್ ಸೆಲ್ಫ್ರಿಜ್, ಜಾನ್ ಕಾನ್ವೇ ಅನ್ನುವ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡರು. ನನಗೆ ಆ ಇಬ್ಬರ ಮೇಲೆ ತಕ್ಷಣ ಗೌರವ ಹುಟ್ಟಿತು. "ಹೇಳು, ಇವತ್ತೇ ಮಾಡೋಣ" ಅಂದೆ.

ಡಬ್ಬಿಯಲ್ಲಿ ಒಂದೇ ಒಂದು ಒಬ್ಬಟ್ಟು ಉಳಿದಿತ್ತು. ಮೂವರನ್ನೂ ಅಡುಗೆಮನೆಯ ನೆಲದ ಮೇಲೆ ಕೂರಿಸಿದೆವು. ಮಧ್ಯೆ ತಟ್ಟೆ, ತಟ್ಟೆಯಲ್ಲಿ ಒಬ್ಬಟ್ಟು, ಪಕ್ಕದಲ್ಲಿ ಚಾಕು.

ಮೊದಲನೆಯವರು ತಮ್ಮ ಕಣ್ಣಿಗೆ ಸಮ ಅನಿಸುವ ಹಾಗೆ ಮೂರು ತುಂಡು ಮಾಡಬೇಕು. ದೊಡ್ಡವಳು ಮಾಡಿದಳು. ಅಂಚಿನಲ್ಲಿ ಹೂರಣ ಕಮ್ಮಿ, ನಡುವೆ ಜಾಸ್ತಿ ಅನ್ನುವುದೆಲ್ಲ ಲೆಕ್ಕ ಹಾಕಿ ಐದು ನಿಮಿಷ ತೆಗೆದುಕೊಂಡಳು. ಎರಡನೆಯವರು ನೋಡಿ, ಯಾವುದಾದರೂ ಒಂದು ದೊಡ್ಡದು ಅನಿಸಿದರೆ ಅದರ ಅಂಚು ಕತ್ತರಿಸಿ ಎರಡನೇ ದೊಡ್ಡ ತುಂಡಿಗೆ ಸಮ ಮಾಡಬೇಕು. ಕತ್ತರಿಸಿದ ಚೂರು ಪಕ್ಕಕ್ಕೆ. ನಡುವಿನವನು ಮಂಡಿಯೂರಿ, ತಲೆಯನ್ನು ನೆಲಕ್ಕೆ ತಾಗಿಸಿ, ಮೂರನ್ನೂ ಪಕ್ಕದಿಂದ ನೋಡಿದ. "ಇದು ದಪ್ಪ" ಅಂದ. ಚಾಕು ನಾನು ಹಿಡಿದೆ, ಎಲ್ಲಿ ಅಂತ ಅವನು ತೋರಿಸಿದ. ಬೆರಳಿನಷ್ಟು ಚೂರು ಬಂತು. ಆಮೇಲೆ ಮೂರನೆಯವರು ಮೊದಲು ಆರಿಸಿಕೊಳ್ಳಬೇಕು. ಅವರು ಅಂಚು ಕತ್ತರಿಸಿದ ತುಂಡನ್ನು ಬಿಟ್ಟರೆ ಎರಡನೆಯವರು ಅದನ್ನೇ ತೆಗೆದುಕೊಳ್ಳಬೇಕು. ಉಳಿದದ್ದು ಮೊದಲನೆಯವರಿಗೆ. ಕೊನೆಗೆ ಪಕ್ಕಕ್ಕಿಟ್ಟ ಚೂರನ್ನು ಮತ್ತೆ ಮೂರು ಪಾಲು ಮಾಡಿ, ಬೇರೆ ಸರದಿಯಲ್ಲಿ ಹಂಚಬೇಕು.

"ಪುಟ್ಟಿ, ನಿಂಗೆ ಯಾವ್ದು ಬೇಕು?" ಅಂದ ನನ್ನ ತಮ್ಮ, ಬಹಳ ಗಂಭೀರವಾಗಿ.

ಪುಟ್ಟಿ ಮೂರು ತುಂಡುಗಳನ್ನೂ ನೋಡಿದಳು. ಮಾಮನನ್ನು ನೋಡಿದಳು. ಪಕ್ಕಕ್ಕಿಟ್ಟಿದ್ದ ಚೂರನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ ಕೈಗೆ ಅಂಟಿದ ತುಪ್ಪವನ್ನು ಮಾಮನ ಪ್ಯಾಂಟಿಗೆ ಒರೆಸಿದಳು.

ನಡುವಿನವನು ಕಿರುಚಿದ ಸದ್ದಿಗೆ ಅತ್ತೆ ಪೂಜೆ ಬಿಟ್ಟು ಎದ್ದು ಬಂದರು. ಏನಾಯ್ತು ಅಂತ ಕೇಳಿ, ತಟ್ಟೆ ಎತ್ತಿ, ಮೂರೂ ತುಂಡುಗಳನ್ನು ಕೈಯಲ್ಲಿ ಮುರಿದು, ಬಿಸಿ ಹಾಲು ಹಾಕಿ ಕಿವುಚಿಬಿಟ್ಟರು. "ಅಲ್ಲ ಕಣೋ, ಮಕ್ಕಳ ಬಾಯಿಗೆ ಒಂದು ತುತ್ತು ಹಾಕೋಕೂ ಇಷ್ಟೊಂದು ಓದ್ಬೇಕಾ?" ಅಂತ ನನ್ನ ತಮ್ಮನನ್ನು ಬೈದು, ಒಬ್ಬೊಬ್ಬರಿಗೆ ಒಂದೊಂದು ಚಮಚ ಅಂತ ಸರದಿಯಲ್ಲಿ ತಿನ್ನಿಸಿದರು. ಯಾರೂ ಎಣಿಸಲಿಲ್ಲ. ಎಷ್ಟೇ ಜನ ಇದ್ದರೂ ಹೊಟ್ಟೆಕಿಚ್ಚಿಲ್ಲದೆ ಹಂಚುವ, ಇಷ್ಟು ಹೆಜ್ಜೆಯೊಳಗೆ ಮುಗಿಯುತ್ತದೆ ಅಂತ ಮೊದಲೇ ಹೇಳಬಹುದಾದ ವಿಧಾನ 2016ರಲ್ಲಿ ಸಿಕ್ಕಿತಂತೆ, ಆದರೆ ಜನ ಹೆಚ್ಚಾದ ಹಾಗೆ ಅದರ ಹೆಜ್ಜೆಗಳು ಎಣಿಸಲಾಗದಷ್ಟು ಬೆಳೆಯುತ್ತವಂತೆ. ತಮ್ಮ ಇದನ್ನು ಹೇಳುವಾಗ ಪ್ಯಾಂಟಿನ ಕಲೆಗೆ ಸೋಪು ಉಜ್ಜುತ್ತಿದ್ದ.

ಅತ್ತೆ ಮಾಡಿದ್ದು ನೋಡಿ ನನಗೆ ಅರಕಲಗೂಡಿನ ಹತ್ತಿರದ ನನ್ನ ಅಜ್ಜಿಯ ಮನೆ ನೆನಪಾಯಿತು. ನನ್ನ ಅಮ್ಮನ ಕಡೆ ಒಂಬತ್ತು ಜನ ಅಣ್ಣ-ತಮ್ಮ ಅಕ್ಕ-ತಂಗಿಯರು. ಬೇಸಿಗೆ ರಜೆಗೆ ಮೊಮ್ಮಕ್ಕಳೆಲ್ಲ ಸೇರಿದರೆ ಇಪ್ಪತ್ತಕ್ಕೆ ಕಮ್ಮಿ ಇಲ್ಲ. ರಾತ್ರಿ ಅಜ್ಜಿ ದೊಡ್ಡ ಪಾತ್ರೆಯಲ್ಲಿ ಅನ್ನ, ಹುಳಿ ಕಲಸಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ನಾವು ಸುತ್ತ. ತುತ್ತು ಕೈಗೆ ಬೀಳುತ್ತಿತ್ತು, ಮುಂದಿನ ಕೈ, ಅದರ ಮುಂದಿನ ಕೈ. ತುತ್ತಿನ ಮಧ್ಯೆ ಬೆರಳಲ್ಲಿ ಗುಳಿ ಮಾಡಿ ಒಂದು ಚೂರು ಉಪ್ಪಿನಕಾಯಿ. ನನ್ನ ಸರದಿ ಬರುವವರೆಗೆ ಹಿಂದಿನ ತುತ್ತು ಮುಗಿದಿರಬೇಕು, ಇಲ್ಲದಿದ್ದರೆ ಹೋಯಿತು. ಯಾರಿಗೆ ಎಷ್ಟು ಅಂತ ನೋಡಲು ತಟ್ಟೆಯೇ ಇರಲಿಲ್ಲ. ಅಜ್ಜಿ ಮೆಲ್ಲಗೆ ಮೋಸವನ್ನೂ ಮಾಡುತ್ತಿದ್ದರು ಅಂತ ಈಗ ಅನಿಸುತ್ತದೆ. ಸಣಕಲು ಮೊಮ್ಮಗನ ತುತ್ತು ಸ್ವಲ್ಪ ದೊಡ್ಡದಿರುತ್ತಿತ್ತು. ನನ್ನ ತುತ್ತು ಯಾವಾಗಲೂ ಚಿಕ್ಕದು, ನಾನು ಆಗಲೇ ಗುಂಡುಗುಂಡಗಿದ್ದೆ.

ಈಗ ಕರೆಂಟು ಹೋದ ರಾತ್ರಿ ನಾನೂ ಹಾಗೇ ಕಲಸುತ್ತೇನೆ. ದಿನಾ ಮಾಡಲು ಆಗುವುದಿಲ್ಲ. ದಿನಾ ಮಾಡಿದರೆ ಮಕ್ಕಳು ತಾವೇ ತಿನ್ನುವುದು ಕಲಿಯುವುದು ಯಾವಾಗ, ಅಲ್ವಾ? ಅದೂ ಅಲ್ಲದೆ ಬೆಳಕಿದ್ದರೆ ತುತ್ತಿನ ಅಳತೆ ಕಣ್ಣಿಗೆ ಬೀಳುತ್ತದೆ.

ಪಾಲಿನ ಜಗಳ ತಿಂಡಿಗೆ ಮಾತ್ರ ಅಂದುಕೊಂಡಿದ್ದೆ. ಹೋದ ವರ್ಷ ದೊಡ್ಡವಳಿಗೆ ಸೀತಾಳೆ ಸಿಡುಬು ಬಂತು. ಸರ್ಕಾರದವರು ಪುಕ್ಕಟೆ ಹಾಕುವ ಲಸಿಕೆಗಳಲ್ಲಿ ಇದು ಸೇರಿಲ್ಲ, ನಾವೇ ದುಡ್ಡು ಕೊಟ್ಟು ಹಾಕಿಸಬೇಕು. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ನಾನೇ ಮುಂದೂಡಿದ್ದು. ತಪ್ಪು ನನ್ನದೇ. ನಮ್ಮ ಕಡೆ ಇದಕ್ಕೆ 'ಅಮ್ಮ ಬಂದಿದೆ' ಅನ್ನುತ್ತಾರೆ. ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಫೋನಿನಲ್ಲಿ ಎಲ್ಲರಿಗೂ ಹೇಳಿದರು. "ಹೂಂ ಕಣೆ, ದೊಡ್ಡ ಮಗೂಗೆ ಅಮ್ಮ ಬಂದಿದೆ. ಮೈತುಂಬಾ ಅಮ್ಮ. ಪಾಪ, ಮುಖದಲ್ಲೂ ಇದೆ."

ನಡುವಿನವನು ಸೋಫಾದ ಹಿಂದೆ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದಾನೆ. ಆಗ ಅವನಿಗೆ ಇನ್ನೂ ನಾಲ್ಕು. ದೊಡ್ಡವಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ ನಾನು ಅವಳ ಜೊತೆಗೇ ಇದ್ದೆ. ಸಂಜೆ ಬಾಗಿಲ ಸಂದಿಯಲ್ಲಿ ಒಂದು ಮೂಗು ಕಾಣಿಸಿತು.

"ಅಮ್ಮ."

"ಒಳಗೆ ಬರಬೇಡ ಮಗನೇ."

"ಅಕ್ಕಂಗೆ ಮಾತ್ರ ಯಾಕೆ ಅಮ್ಮ ಬಂದಿದ್ದು?"

"ಗೊತ್ತಿಲ್ಲ ಕಂದ, ಸ್ಕೂಲಿಂದ ಬಂದಿರಬೇಕು."

"ಮೈತುಂಬಾ ಅಮ್ಮ ಅಂತೆ." ಗಂಟಲು ಕಟ್ಟಿತ್ತು. "ನಂಗೆ ಒಂಚೂರೂ ಇಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದ. ನಯವಾದ, ಒಂದು ಗುಳ್ಳೆಯೂ ಇಲ್ಲದ ಹೊಟ್ಟೆ. ಅದನ್ನು ನೋಡಿ ಅವನಿಗೆ ಬೇಜಾರು.

ಬೇಜಾರು ಬಹಳ ದಿನ ಇರಲಿಲ್ಲ. ಈ ಸೋಂಕು ಮೈಗೆ ಹೊಕ್ಕ ಮೇಲೆ ಹೊರಗೆ ಕಾಣಿಸಲು ಹತ್ತರಿಂದ ಇಪ್ಪತ್ತೊಂದು ದಿನ ತೆಗೆದುಕೊಳ್ಳುತ್ತದೆ ಅಂತ ಡಾಕ್ಟರು ಹೇಳಿದ್ದರು. ಸರಿಯಾಗಿ ಹದಿನೈದನೇ ದಿನ ಅವನು ಅಡುಗೆಮನೆಗೆ ಓಡಿ ಬಂದು "ಬಂತು! ಅಮ್ಮ ಬಂತು!" ಅಂತ ಕುಣಿದ. ಎರಡು ದಿನ ಬಿಟ್ಟು ಪುಟ್ಟಿಗೆ. ಕೆರೆದುಕೊಳ್ಳದ ಹಾಗೆ ಉಗುರು ಕತ್ತರಿಸಬೇಕು. ಮೂರು ಮಕ್ಕಳಿಗೆ ಕೈಕಾಲು ಸೇರಿ ಅರವತ್ತು ಉಗುರು, ಲೆಕ್ಕ ಹಾಕಿ ನೋಡಿ. ಆ ಒಂದೂವರೆ ತಿಂಗಳಲ್ಲಿ ನಾನು ಮಾಡಿದ ಬೇರೆ ಯಾವ ಕೆಲಸವೂ ನನಗೆ ನೆನಪಿಲ್ಲ. ಮೂವರೂ ಒಂದೇ ಕೋಣೆಯಲ್ಲಿ ಬೇವಿನ ಎಲೆಯ ಮಧ್ಯೆ ಕೂತು ಗುಳ್ಳೆ ಎಣಿಸಿಕೊಂಡರು. ದೊಡ್ಡವಳದು ಆಗಲೇ ಉದುರಿತ್ತು. "ನಂದು ನೂರಾ ಹತ್ತಿತ್ತು" ಅಂತ ಹಳೆಯ ವೈಭವ ಹೇಳಿಕೊಂಡಳು.

ಪೋಲಿಯೋ ಭಾನುವಾರದ್ದೂ ಇಂಥದ್ದೇ. ಅದು ಇನ್ನೂ ಒಂದು ವರ್ಷ ಹಿಂದಿನದು. ನಾನು ಚಿಕ್ಕವಳಿದ್ದಾಗ, 1995ರಲ್ಲಿ, ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿಯಲ್ಲಿ. 2014ರಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರವೂ ಬಂತು. ಆದರೂ ಹನಿ ಹಾಕುವುದು ನಿಂತಿಲ್ಲ, ನಿಲ್ಲಿಸಬಾರದು ಕೂಡ. ಐದು ವರ್ಷದೊಳಗಿನವರಿಗೆ ಎರಡು ಹನಿ, ಎಡಗೈ ಕಿರುಬೆರಳಿಗೆ ಒಂದು ಶಾಯಿ ಗುರುತು. ನಮ್ಮ ಬೀದಿಯ ಅಂಗನವಾಡಿಗೆ ಮೂವರನ್ನೂ ಕರೆದುಕೊಂಡು ಹೋದೆ. ದೊಡ್ಡವಳಿಗೆ ಐದು ತುಂಬಿ ಒಂದು ವಾರ ಆಗಿತ್ತು.

ಆರು ತಿಂಗಳ ಪುಟ್ಟಿಗೆ ಹನಿ, ಗುರುತು. ತಮ್ಮನಿಗೆ ಹನಿ, ಗುರುತು. "ನಿಂಗೆ ಬೇಡ ಪುಟ್ಟಾ, ನೀನೀಗ ದೊಡ್ಡೋಳು" ಅಂದರು ಅಲ್ಲಿದ್ದ ಆಶಾ ಅಕ್ಕ. ದೊಡ್ಡವಳು ಅಳಲಿಲ್ಲ. ಕಿರುಬೆರಳು ಚಾಚಿಕೊಂಡು ಅಲ್ಲೇ ನಿಂತಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಕೈ ಹಿಡಿದು ಎಳೆದೆ, ಬರಲಿಲ್ಲ. ಆಶಾ ಅಕ್ಕ ನನ್ನ ಮುಖ ನೋಡಿದರು, ಬೆರಳು ನೋಡಿದರು. ಮೇಜಿನ ಮೇಲಿದ್ದ ತಮ್ಮ ನೀಲಿ ಬಾಲ್‌ಪೆನ್ ತೆಗೆದು ಅವಳ ಉಗುರಿನ ಮೇಲೆ ಒಂದು ಹೂವು ಬರೆದರು. ಐದು ಎಸಳು, ಒಂದು ದಂಟು. ಗುರುತಿನ ಶಾಯಿ ಮುಟ್ಟಲಿಲ್ಲ, ಲೆಕ್ಕ ತಪ್ಪಬಾರದಲ್ಲ.

ದಾರಿಯುದ್ದಕ್ಕೂ ಬೆರಳನ್ನು ಮೇಲೆತ್ತಿಕೊಂಡೇ ನಡೆದಳು. ಮನೆಗೆ ಬಂದ ಮೇಲೆ ತಮ್ಮ ತನಗೂ ಹೂವು ಬೇಕು ಅಂತ ಒಂದು ಗಂಟೆ ಹೊರಳಾಡಿದ್ದು ಬೇರೆ ವಿಷಯ.

ರಾತ್ರಿಯ ಪಕ್ಕದ ಪಂಚಾಯ್ತಿಗೆ ಕೊನೆಗೆ ದೊಡ್ಡವಳೇ ಒಂದು ದಾರಿ ಹುಡುಕಿದಳು. ಅಡುಗೆಮನೆಯ ಗೋಡೆಯಲ್ಲಿ ಮಾವ ತಂದು ತೂಗುಹಾಕಿದ ಕ್ಯಾಲೆಂಡರ್ ಇದೆ. ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ, ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಎಲ್ಲ ಅದರಲ್ಲೇ. ಅವಳು ಕ್ರೇಯಾನ್ ತಂದು ಒಂದೊಂದು ದಿನಕ್ಕೆ ಒಂದೊಂದು ಚುಕ್ಕೆ ಇಟ್ಟಳು. ಕೆಂಪು ಅವಳು, ನೀಲಿ ತಮ್ಮ, ಹಸಿರು ಪುಟ್ಟಿ. ಯಾವ ಬಣ್ಣದ ಚುಕ್ಕೆಯೋ ಅವರು ಆ ರಾತ್ರಿ ಅಂಡಮಾನಿಗೆ. ಮೂವತ್ತು ದಿನದ ತಿಂಗಳಲ್ಲಿ ತಲಾ ಹತ್ತು. ಪುಟ್ಟಿಗೆ ಬಣ್ಣ ಅರ್ಥವಾಗುತ್ತದೆ, ಒಪ್ಪಂದ ಅರ್ಥವಾಗುವುದಿಲ್ಲ. ಹಸಿರು ರಾತ್ರಿಗಳಲ್ಲಿ ಅವಳನ್ನು ನಿದ್ದೆ ಬಂದ ಮೇಲೆ ಎತ್ತಿ ಆಚೆ ಮಲಗಿಸುತ್ತೇವೆ. ಬೆಳಗ್ಗೆ ನೋಡಿದರೆ ಅಪ್ಪನನ್ನು ಹತ್ತಿ ದಾಟಿ ನನ್ನ ಕುತ್ತಿಗೆಗೆ ಕಾಲು ಹಾಕಿಕೊಂಡಿರುತ್ತಾಳೆ. ಅದಕ್ಕೆ ಯಾರದೂ ಆಕ್ಷೇಪಣೆ ಇಲ್ಲ, ಮಲಗುವಾಗ ಸರಿಯಿದ್ದರೆ ಸಾಕು.

ಜೂನ್ ಸುಸೂತ್ರವಾಗಿ ಹೋಯಿತು. ಜುಲೈ ಪುಟ ತಿರುವಿದಾಗ ತಕರಾರು. ಮೂವತ್ತೊಂದು ಇದೆ! ತಲಾ ಹತ್ತು ಹಂಚಿ ಒಂದು ಉಳಿಯಿತು. ಹನ್ನೊಂದನೇ ಸಲ ಆಚೆ ಹೋಗುವವರು ಯಾರು? ಚೀಟಿ ಎತ್ತೋಣ ಅಂದೆ, ಒಪ್ಪಲಿಲ್ಲ. ಮೂರು ಗಂಟೆಗೊಬ್ಬರು ಬದಲಾಗಲಿ ಅಂದರು ಇವರು. ಅದಕ್ಕೆ ಮೂವರೂ ಒಪ್ಪಿದ್ದು ನೋಡಿ ನಾನು ಬೇಡ ಅಂದೆ. ದೊಡ್ಡವಳು ಕ್ರೇಯಾನ್ ಡಬ್ಬಿ ಹಿಡಿದು ಬಹಳ ಹೊತ್ತು ಕ್ಯಾಲೆಂಡರಿನ ಮುಂದೆ ನಿಂತಿದ್ದಳು. ಆಮೇಲೆ 31ರ ಮೇಲೆ ನೇರಳೆ ಚುಕ್ಕೆ ಇಟ್ಟಳು.

"ಇದು ಯಾರದು?"

"ನಿಂದು. ಅವತ್ತು ನೀನು ಆಚೆ. ಅಜ್ಜಿ ರೂಮಲ್ಲಿ ಮಲ್ಕೋ. ನೀನೇ ಇಲ್ದಿದ್ರೆ ಜಗಳ ಇಲ್ವಲ್ಲ."

ಇವತ್ತು 31. ಅತ್ತೆಯ ಮಂಚದಲ್ಲಿ, ಗೋಡೆ ಕಡೆ ಅವರು, ಈ ಕಡೆ ನಾನು. ನನ್ನ ಇನ್ನೊಂದು ಪಕ್ಕದಲ್ಲಿ ಯಾರೂ ಇಲ್ಲ. ಕೈ ಚಾಚಿದರೆ ಗಾಳಿ. ಕಾಲು ಪೂರ್ತಿ ನೀಡಿ ಮಲಗಿ ಎಷ್ಟು ಕಾಲವಾಗಿತ್ತೋ. ಹಾಗೇ ಮೊಬೈಲಿನಲ್ಲಿ ಇದನ್ನು ಬರೆಯುತ್ತ ಮಲಗಿದ್ದೇನೆ. ಅತ್ತೆ ಆ ಕಡೆ ತಿರುಗಿಕೊಂಡೇ "ಲೈಟ್ ಕಣ್ಣಿಗೆ ಹೊಡೀತಿದೆ ಕಣೆ" ಅಂದರು.

ಗೋಡೆಯಾಚೆ ಹತ್ತು ನಿಮಿಷ ಸದ್ದಿರಲಿಲ್ಲ. ಈಗ ಶುರುವಾಗಿದೆ. ಮೊದಲು ದಿಂಬು ಬಿದ್ದ ಸದ್ದು. ಆಮೇಲೆ ನಡುವಿನವನ ದನಿ.

"ಅಪ್ಪನ ಈ ಪಕ್ಕ ನಂದು!"

"ಆ ಪಕ್ಕ ನಂದು, ನಾನು ಮೊದ್ಲೇ ಹೇಳಿದ್ದೆ!"

"ನಂದು! ನಂದು!" ಇದು ಪುಟ್ಟಿ, ಯಾವುದು ಅಂತ ಗೊತ್ತಿಲ್ಲದೆ.

"ಅಮ್ಮಾ, ನೋಡಮ್ಮಾ, ಅಪ್ಪಂಗೂ ಎರಡೇ ಪಕ್ಕ!"

ನಾನು ಲೈಟ್ ಆರಿಸಿ ಹೊದಿಕೆ ಎಳೆದುಕೊಂಡೆ.